ಆಪರೇಷನ್ ಬಿಲ್ ಕಟ್ಟಿದ ಮೇಲೆ

ಮುಂಗೈಯ ಚರ್ಮವನ್ನು ರಕ್ತನಾಳದ ಸಮೇತ ತೆಗೆದು ಬಾಯೊಳಗಿನ ಅಂಗುಳಕ್ಕೆ ಹೊಲಿಯುವ ವಿಧಾನಕ್ಕೆ ವೈದ್ಯರು ಫೋರ್‌ಆರ್ಮ್ ಫ್ಲಾಪ್ ಎನ್ನುತ್ತಾರೆ. ಚೀನಾದ ಯಾಂಗ್ ಗುವೊಫಾನ್ ಮತ್ತು ಸಂಗಡಿಗರು 1981ರಲ್ಲಿ ಈ ಫ್ಲಾಪ್ ಬಗ್ಗೆ ಪ್ರಬಂಧ ಪ್ರಕಟಿಸಿದರು. ಅಂಗುಳದ ಗಡ್ಡೆ ಕತ್ತರಿಸಿದಾಗ ಬಾಯಿಗೂ ಮೂಗಿಗೂ ನಡುವೆ ಬೀಳುವ ತೂತನ್ನು ಮುಚ್ಚಲು ಇದು ನೆರವಾಗುತ್ತದೆ. ನೈರೋಬಿಯಲ್ಲಿ ನೆಲೆಸಿರುವ ಈ ಅಂಕಣಕಾರ್ತಿಯ ಪತಿಗೆ ಆದದ್ದೂ ಇದೇ ಆಪರೇಷನ್. ಅದಕ್ಕೆಂದು ಹೊಂದಿಸಿದ ದುಡ್ಡು ಅದಕ್ಕೆ ಸಾಕಾಯಿತು. ಮನೆ ನಲುಗಿದ್ದು ಆಮೇಲಿನ ತಿಂಗಳುಗಳಲ್ಲಿ.

ಮೊದಲ ಪೆಟ್ಟು ಬಿದ್ದದ್ದು ಸಂಬಳಕ್ಕೆ. ಕೆನ್ಯಾದ 2007ರ ಉದ್ಯೋಗ ಕಾಯ್ದೆ ಖಾತ್ರಿ ಕೊಡುವುದು ವರ್ಷಕ್ಕೆ ಪೂರ್ತಿ ಸಂಬಳದ 7 ದಿನ, ಅರ್ಧ ಸಂಬಳದ 7 ದಿನ ಕಾಯಿಲೆ ರಜೆಗೆ ಮಾತ್ರ. ಹೆಚ್ಚಿನದು ಕಂಪನಿಯ ಒಪ್ಪಂದಕ್ಕೆ ಬಿಟ್ಟದ್ದು. ಫ್ಲಾಪ್ ಆದವರಿಗೆ ಮೊದಲ ಎರಡು ಮೂರು ದಿನ ನರ್ಸ್ ಗಂಟೆಗೊಮ್ಮೆ ಬಂದು ಹೊಸ ಅಂಗುಳದ ಬಣ್ಣ ನೋಡಬೇಕು; ರಕ್ತನಾಳ ಕಟ್ಟಿಕೊಂಡರೆ ತಕ್ಷಣ ಮತ್ತೆ ಆಪರೇಷನ್ ಥಿಯೇಟರ್‌ಗೆ. ಕ್ಯಾನ್ಸರ್ ಆದರೆ ಹಲವರಿಗೆ ರೇಡಿಯೇಶನ್ ಬೇರೆ, ವಾರಕ್ಕೆ ಐದು ದಿನದಂತೆ ಆರು ವಾರ. ಹದಿನಾಲ್ಕು ದಿನದ ರಜೆ ಇದರಲ್ಲಿ ಎಲ್ಲಿಗೆ ಸಾಲಬೇಕು? ಪತಿ ಸೇಲ್ಸ್ ಕೆಲಸದವರು, ಮಾತೇ ಅವರ ದುಡಿಮೆ. ಗಾಯ ಮಾಯ್ದರೂ ಮಾತು ಮೂಗಿನಲ್ಲೇ ಬರುತ್ತಿತ್ತು. ಫೋನಿನಲ್ಲಿ ಗಿರಾಕಿಗೆ ಏನೂ ತಿಳಿಯುತ್ತಿರಲಿಲ್ಲ. ಕಮಿಷನ್ ನಿಂತೇ ಹೋಯಿತು.

ಬೆಂಗಳೂರಿಗೆ ಕರೆದುಕೊಂಡು ಹೋಗಿ ಎಂದವರು ಬಹಳ. ಅಲ್ಲಿ ಕಿದ್ವಾಯಿಯಂಥ ಕ್ಯಾನ್ಸರ್ ಸಂಸ್ಥೆಗಳಿವೆ, ನಿಜ. ಆದರೆ ಎರಡು ಊರಲ್ಲಿ ಎರಡು ಸಂಸಾರ, ತಿಂಗಳುಗಟ್ಟಲೆ. ನೈರೋಬಿಯ ಶಸ್ತ್ರವೈದ್ಯರೂ ಕಡಿಮೆಯವರಲ್ಲ: ಕೆನ್ಯಾಟ್ಟಾ ನ್ಯಾಷನಲ್ ಆಸ್ಪತ್ರೆಯಲ್ಲಿ 2018ರಲ್ಲಿ ತುಂಡಾದ ಕೈಯನ್ನೇ ಮತ್ತೆ ಜೋಡಿಸಿದ್ದಾರೆ. ಇಲ್ಲೇ ಇರುವುದೆಂದು ನಿರ್ಧಾರವಾಯಿತು.

ಸರ್ಕಾರಿ ವಿಮೆಯನ್ನು ನಂಬುವವರು ಒಂದು ವಿಷಯ ಗಮನಿಸಬೇಕು. 2024ರ ಅಕ್ಟೋಬರ್ 1ರಿಂದ ಹಳೆಯ ಆಸ್ಪತ್ರೆ ವಿಮಾ ನಿಧಿ ಎನ್‌ಎಚ್‌ಐಎಫ್ ಜಾಗಕ್ಕೆ ಸೋಷಿಯಲ್ ಹೆಲ್ತ್ ಅಥಾರಿಟಿ ಬಂದಿದೆ, ಒಟ್ಟು ಸಂಬಳದ ಶೇ 2.75 ಅದಕ್ಕೆ ಕಡಿತವಾಗುತ್ತದೆ. ಕ್ಯಾನ್ಸರ್ ಚಿಕಿತ್ಸೆಗೆ ಅದು ಆರಂಭದಲ್ಲಿ ಇಟ್ಟ ಮಿತಿ ವರ್ಷಕ್ಕೆ 5,50,000 ಶಿಲ್ಲಿಂಗ್, ಅದೂ ಇಡೀ ಕುಟುಂಬಕ್ಕೆ ಸೇರಿ. ಚಿಕಿತ್ಸೆ ಶುರುವಾಗುವ ಮೊದಲೇ ಈಗಿನ ಮಿತಿ ಎಷ್ಟು, ಏನೇನು ಅದರೊಳಗೆ ಬರುತ್ತದೆ ಎಂದು ಬರಹದಲ್ಲಿ ಕೇಳಿ ಪಡೆಯಬೇಕು.

ಆಸ್ಪತ್ರೆಯ ಅಂದಾಜುಪಟ್ಟಿಯಲ್ಲಿ ಇಲ್ಲದ್ದು ಇನ್ನೂ ಇತ್ತು. ಮುಂಗೈಯಲ್ಲಿ ಚರ್ಮ ತೆಗೆದ ಜಾಗಕ್ಕೆ ತೊಡೆಯ ತೆಳು ಚರ್ಮ ಹೊದಿಸಿದ್ದರು. ಫ್ಲಾಪಿನ ರಕ್ತನಾಳ ಜೋಡಿಸಲು ಕತ್ತನ್ನೂ ಕೊಯ್ದಿದ್ದರು. ಬಾಯಿ, ಕೈ, ತೊಡೆ, ಕತ್ತು: ನಾಲ್ಕು ಕಡೆ ಗಾಯ, ಪ್ರತಿಯೊಂದಕ್ಕೂ ಆರೈಕೆ. ಜೊತೆಗೆ ಕೈಗೆ ಫಿಸಿಯೋಥೆರಪಿ, ಮಾತಿಗೆ ಸ್ಪೀಚ್ ಥೆರಪಿ, ಓಡಾಡಲು ಟ್ಯಾಕ್ಸಿ. ಊಟಕ್ಕೆಂದು ಮೂಗಿನಲ್ಲಿ ಹಾಕಿದ್ದ ನಳಿಕೆ ತೆಗೆದ ಮೇಲೆ ಡಬ್ಬದ ಪ್ರೋಟೀನ್ ಪುಡಿಯೇ ದೊಡ್ಡ ಖರ್ಚು. ಆಹಾರ ತಜ್ಞೆಯನ್ನು ಕೇಳಿ ಅದರಲ್ಲೊಂದು ಪಾಲು ಕಡಿಮೆ ಮಾಡಿ ರಾಗಿ ಅಂಬಲಿ ಶುರು ಮಾಡಿದ್ದಾಯಿತು. ಇಲ್ಲಿನ ಅಂಗಡಿಗಳಲ್ಲಿ ವಿಂಬಿ ಹಿಟ್ಟು ಎಂದು ಸಿಗುವುದು ನಮ್ಮ ರಾಗಿಯೇ. ಅಂಬಲಿ ಕಾಯಿಸಿ, ಗಂಟಿಲ್ಲದಂತೆ ಸೋಸಿ, ಹಾಲು ಬೆರೆಸಿ, ಆರಿಸಿ, ಅರ್ಧ ಚಮಚದಂತೆ ಕೊಡಬೇಕಿತ್ತು. ಮೊದಮೊದಲು ಅದರಲ್ಲೂ ಸ್ವಲ್ಪ ಮೂಗಿನಿಂದ ಇಳಿಯುತ್ತಿತ್ತು. ಕರವಸ್ತ್ರ ಹಿಡಿದು, ತಲೆ ನೆಟ್ಟಗಿಟ್ಟು, ಅವರು ಮತ್ತೆ ಬಾಯಿ ತೆರೆಯುತ್ತಿದ್ದರು.

ಊರಿನವರು, ನೆರೆಯ ಗುಜರಾತಿ ಮನೆಗಳು, ಆಫೀಸಿನ ಕೆನ್ಯನ್ ಸಹೋದ್ಯೋಗಿಗಳು ಹರಂಬೀ, ಅಂದರೆ ಇಲ್ಲಿನ ರೀತಿಯಲ್ಲಿ ಚಂದಾ ಎತ್ತಿ, ಮೊಬೈಲಿನ ಎಂ-ಪೆಸಾದಲ್ಲಿ ಹಣ ಕಳಿಸಿದರು. ಇಂಥ ಹಣ ಆಪರೇಷನ್ ಸುತ್ತಮುತ್ತಲ ದಿನಗಳಲ್ಲಿ ಹರಿದು ಬರುತ್ತದೆ, ಚೇತರಿಕೆಯ ಮೂರನೇ ತಿಂಗಳಲ್ಲಿ ಬರುವುದಿಲ್ಲ. ಆದ್ದರಿಂದ ಅಂಕಣಕಾರ್ತಿ ಅದನ್ನು ಬಿಲ್ಲಿಗೆ ಮುಟ್ಟಿಸದೆ ಬೇರೆ ಖಾತೆಯಲ್ಲಿಟ್ಟಳು, ಕೊಟ್ಟವರಿಗೆ ಅದನ್ನು ತಿಳಿಸಿದಳು, ತಿಂಗಳಿಗೆ ಇಷ್ಟೇ ಎಂದು ತೆಗೆದಳು. ಮನೆ ಬಾಡಿಗೆ, ಮಗಳ ಶಾಲೆಯ ಫೀಸು ನಡೆದದ್ದು ಅದರಿಂದಲೇ. ಇಡೀ ಚಿಕಿತ್ಸೆಯಲ್ಲಿ ಹಣದ ಮಟ್ಟಿಗೆ ಇದಕ್ಕಿಂತ ಒಳ್ಳೆಯ ತೀರ್ಮಾನ ಆಕೆ ಕಾಣಳು.

ಪತಿ ಈಗ ಅರ್ಧ ದಿನ ಕೆಲಸಕ್ಕೆ ಹೋಗುತ್ತಾರೆ, ಕೊಟೇಶನ್‌ಗಳನ್ನು ಇಮೇಲ್‌ನಲ್ಲಿ ಕಳಿಸುತ್ತಾರೆ. ಖಾತೆಯಲ್ಲಿ ಉಳಿದಿರುವುದು ಹಲ್ಲಿನ ಸೆಟ್‌ಗೆ ಮೀಸಲು. ರೇಡಿಯೇಶನ್ ಆದ ದವಡೆಯಲ್ಲಿ ಹಲ್ಲು ಕೀಳಿಸುವುದು ಅಪಾಯವಾದ್ದರಿಂದ, ದಂತವೈದ್ಯರ ತಪಾಸಣೆಯ ದುಡ್ಡನ್ನೂ ಅದರಲ್ಲೇ ಸೇರಿಸಿಟ್ಟಿದೆ.