ಹಿಟ್ ಪಾಯಿಂಟ್ ಎಂಬ ಎಣಿಕೆ ಮತ್ತು ರನ್ನನ ದುರ್ಯೋಧನ

ಮೇಜಿನ ಸುತ್ತ ಕುಳಿತು, ಒಬ್ಬೊಬ್ಬರು ಒಂದೊಂದು ವೀರನ ಪಾತ್ರ ವಹಿಸಿ ಆಡುವ ಆಟಗಳಲ್ಲಿ ಪ್ರತಿ ಪಾತ್ರಕ್ಕೂ ‘ಹಿಟ್ ಪಾಯಿಂಟ್’ ಎಂಬ ಒಂದು ಸಂಖ್ಯೆಯಿರುತ್ತದೆ. ಪೆಟ್ಟು ತಗುಲಿದಾಗ ದಾಳ ಉರುಳಿಸಿ, ಬಿದ್ದಷ್ಟನ್ನು ಅದರಿಂದ ಕಳೆಯುತ್ತಾರೆ. ಸಂಖ್ಯೆ ಸೊನ್ನೆಗಿಳಿದರೆ ಪಾತ್ರ ನೆಲಕ್ಕುರುಳುತ್ತದೆ. ಈ ಸಂಖ್ಯೆ ಅಳೆಯುವುದೇನನ್ನು?

1974ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಈ ಬಗೆಯ ಆಟಗಳಿಗೆ ಮೂಲ. ಅದರ ಕರ್ತೃಗಳು ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್. ಆರ್ನೆಸನ್ ಈ ಎಣಿಕೆಯನ್ನು ಹಡಗುಗಳ ಕಾಳಗದ ಆಟದಿಂದ ತಂದರು. ಕಬ್ಬಿಣದ ಹೊದಿಕೆಯ ಹಡಗು ಹಲವು ಗುಂಡುಗಳನ್ನು ತಾಳಿಕೊಂಡೂ ತೇಲಬಲ್ಲದು, ಮನುಷ್ಯದೇಹ ಹಾಗಲ್ಲ. ನಾಲ್ಕು ಪಾಯಿಂಟಿನ ಸಾಮಾನ್ಯನನ್ನು ಒಂದೇ ಕತ್ತಿಯೇಟು ಕೆಡಹಬಹುದು. ಅರವತ್ತು ಪಾಯಿಂಟಿನ ಯೋಧ ಅಂಥ ಏಳೆಂಟು ಏಟುಗಳ ನಂತರವೂ ನಿಂತಿರುತ್ತಾನೆ. ಅವನ ಮೈಯಲ್ಲಿ ಹದಿನೈದು ಪಟ್ಟು ನೆತ್ತರಿದೆಯೆಂದು ಇದರ ಅರ್ಥವೇ? ಅಲ್ಲವೆಂದು 1979ರ ‘ಡಂಜನ್ ಮಾಸ್ಟರ್ಸ್ ಗೈಡ್’ ಗ್ರಂಥದಲ್ಲಿ ಗೈಗ್ಯಾಕ್ಸ್ ವಿವರಿಸಿದರು. ಸಂಖ್ಯೆಯ ಸ್ವಲ್ಪ ಭಾಗ ಮಾತ್ರ ದೇಹದ್ದು. ಉಳಿದುದು ಯುದ್ಧಕೌಶಲ, ಅದೃಷ್ಟ, ದೈವಾನುಗ್ರಹಗಳದ್ದು. ಕಳೆದುಹೋಗುವುದು ಕೊನೆಯ ಏಟಿನಿಂದ ಪಾರಾಗುವ ಅವಕಾಶ.

ಕನ್ನಡ ಸಾಹಿತ್ಯದ ವಿದ್ಯಾರ್ಥಿಗೆ ಈ ವಿಚಾರ ಹೊಸದೇನಲ್ಲ. ಬ್ರಹ್ಮಸಮುದ್ರ, ಕಲ್ಯಾಣದುರ್ಗದಂಥ ಗಡಿನಾಡಿನಲ್ಲಿ ಕನ್ನಡಿಗರಿಗೂ ತೆಲುಗರಿಗೂ ಕುರುಕ್ಷೇತ್ರದ ಕಥೆ ಸಮಾನವಾಗಿ ಪರಿಚಿತ. ಹತ್ತನೆಯ ಶತಮಾನದ ರನ್ನನ ‘ಗದಾಯುದ್ಧ’ದಲ್ಲಿ ದುರ್ಯೋಧನನು ಸಂಜಯನೊಡನೆ ರಣಭೂಮಿಯಲ್ಲಿ ನಡೆಯುತ್ತಾನೆ. ಗುರು ದ್ರೋಣ, ಮಗ ಲಕ್ಷಣಕುಮಾರ, ತಮ್ಮ ದುಶ್ಶಾಸನ, ಗೆಳೆಯ ಕರ್ಣ ಒಬ್ಬೊಬ್ಬರಾಗಿ ಹೆಣವಾಗಿ ಎದುರಾಗುತ್ತಾರೆ. ಆ ದಾರಿಯಲ್ಲಿ ಅವನ ಮೈಗೆ ಒಂದೇಟೂ ಬೀಳುವುದಿಲ್ಲ. ಆದರೂ ಹೆಜ್ಜೆಹೆಜ್ಜೆಗೆ ಅವನ ಬಲ ಕಳೆಯುತ್ತಿದೆಯೆಂದು ಓದುಗನಿಗೆ ತಿಳಿಯುತ್ತದೆ. ಅವನನ್ನು ಕಾಯುತ್ತಿದ್ದುದು ದೇಹದಾರ್ಢ್ಯವೊಂದೇ ಅಲ್ಲ, ಇವರೆಲ್ಲರೂ.

ಆಟದ ಇನ್ನೊಂದು ನಿಯಮವನ್ನೂ ಇಲ್ಲಿ ಗಮನಿಸಬೇಕು. ಒಂದೇ ಪಾಯಿಂಟ್ ಉಳಿದ ಯೋಧನೂ ಅರವತ್ತು ಪಾಯಿಂಟ್ ಇದ್ದಾಗಿನ ಬಿರುಸಿನಲ್ಲಿಯೇ ಹೊಡೆಯುತ್ತಾನೆ. ಗಾಯಗೊಂಡವನು ಕುಗ್ಗಬೇಡವೇ ಎಂದು ಹಲವರು ಇದನ್ನು ಆಕ್ಷೇಪಿಸುವುದುಂಟು. ದುರ್ಯೋಧನನೇ ಇದಕ್ಕೆ ಉತ್ತರ. ಎಲ್ಲವನ್ನೂ ಕಳೆದುಕೊಂಡು ವೈಶಂಪಾಯನ ಸರೋವರದಲ್ಲಿ ಅಡಗಿದ್ದವನು, ಭೀಮನ ಮೂದಲೆಗೆ ಮೇಲೆದ್ದು ಬಂದು ಸರಿಸಮನಾಗಿ ಕಾದುತ್ತಾನೆ. ಆಸರೆ ಬರಿದಾದರೂ ಛಲ ಬರಿದಾಗಿರಲಿಲ್ಲ. ತೊಡೆಗೆ ಗದೆ ಬಿದ್ದಾಗಲೇ ಅವನು ಉರುಳುವುದು.

ಎಣಿಕೆಯ ಮಿತಿಯೂ ಇಲ್ಲಿಯೇ ಗೋಚರಿಸುತ್ತದೆ. ಆ ಏಟು ತೊಡೆಗೇ ಬಿದ್ದುದು ದಾಳದ ಬಲದಿಂದಲ್ಲ. ದ್ರೌಪದಿಗೆ ತೊಡೆ ತೋರಿದ ದಿನ ಭೀಮ ಮಾಡಿದ ಪ್ರತಿಜ್ಞೆಯಿಂದ. ಕರ್ಣನ ಹೆಣದ ಮುಂದೆ ದುರ್ಯೋಧನ ಗೋಳಾಡುತ್ತಾನೆ. ಶತ್ರುಪಕ್ಷದ ಅಭಿಮನ್ಯುವಿನ ಹೆಣ ಕಂಡಾಗ ಅವನ ಸಾಹಸಕ್ಕೆ ಕೈಮುಗಿಯುತ್ತಾನೆ. ಹಿಟ್ ಪಾಯಿಂಟ್ ಎಷ್ಟು ಕಳೆಯಿತೆಂದು ಹೇಳಬಲ್ಲದು, ಯಾರನ್ನು ಕಳೆದುಕೊಂಡೆವೆಂದು ಹೇಳಲಾರದು. ಆಟ ನಡೆಯಲು ಮೊದಲನೆಯದು ಸಾಕು. ಕಾವ್ಯಕ್ಕೆ ಎರಡನೆಯದು ಬೇಕು.