ದೂರಮಾಪಕ ಕ್ಯಾಮೆರಾಗಳ ಹಳೆಯ ಮಸೂರಗಳು

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಬಯಲಿನಲ್ಲಿ ಬಿಸಿಲು ಬಹು ಪ್ರಖರವಾದುದು, ಧೂಳೂ ಹೇರಳ. ಬೆಳಕಿಲ್ಲದೆ ಛಾಯಾಚಿತ್ರವಿಲ್ಲ; ಆದರೆ ದಾರಿತಪ್ಪಿದ ಬೆಳಕು ಚಿತ್ರವನ್ನು ಕೆಡಿಸುವುದೂ ಉಂಟು. ಇದು ಹೇಗೆಂಬುದನ್ನು ಹಳೆಯ ಮಸೂರಗಳಿಂದಲೇ ಕಲಿಯೋಣ.

ದೂರಮಾಪಕವುಳ್ಳ ಕ್ಯಾಮೆರಾದಲ್ಲಿ ಎರಡು ಕಿಂಡಿಗಳಿಂದ ಎರಡು ಬಿಂಬಗಳು ಬರುವುವು. ಮಸೂರವನ್ನು ತಿರುಗಿಸಿ ಅವೆರಡನ್ನೂ ಒಂದಾಗಿಸಿದರೆ ಚಿತ್ರವು ಸ್ಫುಟವಾಗುವುದು. ಜರ್ಮನಿಯ ಓಸ್ಕರ್ ಬರ್ನಾಕರು ರಚಿಸಿದ ಲೈಕಾ ಕ್ಯಾಮೆರಾ 1925ರಲ್ಲಿ ಮಾರಾಟಕ್ಕೆ ಬಂದಿತು. ಅದರ ಮಸೂರವನ್ನು ಲೆಕ್ಕಹಾಕಿದವರು ಮ್ಯಾಕ್ಸ್ ಬೆರೆಕರು. ಮಸೂರದೊಡನೆ ಜೋಡಿಸಿದ ದೂರಮಾಪಕವು ಲೈಕಾಕ್ಕೆ ದೊರೆತುದು 1932ರಲ್ಲಿ. ಅದೇ ವರ್ಷ ಝೈಸ್ ಇಕಾನ್ ಕಂಪನಿಯ ಕಾಂಟಾಕ್ಸ್ ಕ್ಯಾಮೆರಾವೂ ಬಂದಿತು.

ಸಂಜೆ ದೀಪ ಹಚ್ಚಿದ ಕೋಣೆಯ ಕಿಟಕಿಯ ಗಾಜಿನಲ್ಲಿ ನಮ್ಮ ಮುಖವೇ ಕಾಣುವುದಲ್ಲವೆ? ಮಸೂರದ ಗಾಜೂ ಹಾಗೆಯೇ. ಗಾಳಿ ಸೋಕುವ ಪ್ರತಿಯೊಂದು ಮೈಯಲ್ಲಿ ನೂರಕ್ಕೆ ಸುಮಾರು 4 ಅಥವಾ 5 ಪಾಲು ಬೆಳಕು ಹಿಂದಕ್ಕೆ ಪುಟಿಯುವುದು. ಇಂತಹ ಮೈಗಳು 6 ಇದ್ದರೆ ಸುಮಾರು ಕಾಲು ಭಾಗ ಬೆಳಕು ನಷ್ಟ. ಪುಟಿದ ಬೆಳಕಿನಲ್ಲಿ ಕೆಲವಂಶವು ಒಳಗೇ ಅಲೆದು ಚಿತ್ರಕ್ಕೆ ಮಸುಕನ್ನು ತರುವುದು. ಲುಡ್ವಿಗ್ ಬರ್ಟೆಲೆಯವರು ಕಾಂಟಾಕ್ಸಿನ 1.5 ಅಳತೆಯ ಸೊನ್ನಾರ್ ಮಸೂರದಲ್ಲಿ 7 ಗಾಜುಗಳನ್ನು 3 ಗುಂಪುಗಳಾಗಿ ಅಂಟಿಸಿ, ಗಾಳಿ ಸೋಕುವ ಮೈಗಳನ್ನು 6ಕ್ಕೆ ಇಳಿಸಿದರು. 1935ರಲ್ಲಿ ಝೈಸಿನ ಅಲೆಕ್ಸಾಂಡರ್ ಸ್ಮಾಕುಲರು ಗಾಜಿಗೆ ಅತಿ ತೆಳ್ಳನೆಯ ಲೇಪವನ್ನಿತ್ತು ಈ ಪ್ರತಿಫಲನವನ್ನೇ ಬಹುಮಟ್ಟಿಗೆ ತಗ್ಗಿಸಿದರು.

ಹಾಗಾದರೆ ಬಾಯಿ ಅಗಲವಾದ ಮಸೂರವೇ ಶ್ರೇಷ್ಠವೆ? ಮಂದ ಬೆಳಕಿನ ಕೋಣೆಯಲ್ಲಿ ಅದು ಉಪಯುಕ್ತ. ಆದರೆ ಪೂರ್ಣ ತೆರೆದಾಗ ಚಿತ್ರದ ಅಂಚುಗಳು ಮೆತ್ತಗಾಗುವುವು. ನಮ್ಮ ಬಿಸಿಲಿನಲ್ಲಿ 3.5 ಅಳತೆಯ, ಕೇವಲ 4 ಗಾಜುಗಳ ಲೈಕಾದ ಎಲ್ಮಾರ್ ಮಸೂರವೇ ಸಾಕು. ಗುಣವು ಬೆಲೆಯಲ್ಲಿಲ್ಲ, ಕೆಲಸಕ್ಕೆ ಒಪ್ಪುವುದರಲ್ಲಿದೆ.

ಹಿರಿಯರ ಪೆಟ್ಟಿಗೆಯಲ್ಲಿ ಇಂತಹ ಕ್ಯಾಮೆರಾ ದೊರೆತರೆ, ಮಸೂರವನ್ನು ಬೆಳಕಿಗೆ ಹಿಡಿದು ನೋಡಬೇಕು. ಒಳಗೆ ಜೇಡನ ನೂಲಿನಂತಹ ಎಳೆಗಳಿದ್ದರೆ ಅದು ಬೂಷ್ಟು. ಅದನ್ನು ಬಲ್ಲವರಿಗೆ ತೋರಿಸತಕ್ಕದ್ದು. ಹೊರಗಿನ ಧೂಳನ್ನು ಮೃದುವಾದ ಕುಂಚದಿಂದ ಕೊಡವಬೇಕೇ ಹೊರತು ಸೆರಗಿನಿಂದ ಎಂದಿಗೂ ಉಜ್ಜಕೂಡದು. ಮೊದಲ ಕಾಲದ ಲೇಪಗಳು ಬಲು ಮೆದು. ನಮ್ಮ ಹೊಲದ ಮಣ್ಣಿನಲ್ಲಿ ಮರಳಿನ ಕಣಗಳುಂಟು. ಒಮ್ಮೆ ಗೀರು ಬಿದ್ದ ಲೇಪವು ಮರಳಿ ಮೊದಲಿನಂತಾಗದು. ಒಂದು ಮನೆತನದ ಮುಖಗಳನ್ನು ಕಂಡ ಆ ಗಾಜು ಮುಂದಿನವರ ಮುಖಗಳನ್ನೂ ತಿಳಿಯಾಗಿ ಕಾಣುವಂತೆ ಕಾಪಾಡುವುದು ನಮ್ಮ ಕೈಯಲ್ಲಿದೆ.