ಪಥ್ಯದ ಮೊದಲ ದಿನಗಳು: ಕ್ಷುಧೆ ಮತ್ತು ಜಿಹ್ವಾಚಾಪಲ್ಯ

ಮಹಾನಗರಗಳಲ್ಲಿ ನೆಲೆಸಿರುವ ನಮ್ಮವರ ಮನೆಗಳಲ್ಲಿ 'ಡಾಕ್ಟರು ಪಥ್ಯ ಹೇಳಿದ್ದಾರೆ' ಎಂಬ ಮಾತು ಕೇಳಿಬರದ ಮನೆ ಈಗ ಅಪರೂಪ. ಒಬ್ಬರಿಗೆ ಸಕ್ಕರೆ ಕಾಯಿಲೆ, ಮತ್ತೊಬ್ಬರಿಗೆ ರಕ್ತದೊತ್ತಡ, ಇನ್ನೊಬ್ಬರಿಗೆ ಬೊಜ್ಜು ಮತ್ತು ಮಂಡಿನೋವು. ಅನ್ನ ಕಡಿಮೆ ಮಾಡಿ, ಸಿಹಿ ಬಿಡಿ, ತೂಕ ಇಳಿಸಿ ಎಂಬ ಸಲಹೆ ಮಾತ್ರ ಎಲ್ಲರಿಗೂ ಸಮಾನ. ಏಕಾದಶಿಯಂದು ನೀರನ್ನೂ ಮುಟ್ಟದೆ ಇರಬಲ್ಲ ಹಿರಿಯರು ಸಹ ಈ ಪಥ್ಯವನ್ನು ಹತ್ತು ದಿನ ನಡೆಸಲಾರದೆ ಕೈಬಿಡುವುದುಂಟು. ಇಡೀ ದಿನದ ಉಪವಾಸ ಸಾಧ್ಯವಾದವರಿಗೆ ಮಿತವಾದ ಊಟ ಏಕೆ ಅಸಾಧ್ಯವಾಗುತ್ತದೆ? ಈ ಪ್ರಶ್ನೆಯನ್ನು ಶಾಸ್ತ್ರದ ದೃಷ್ಟಿಯಿಂದಲೂ ಇಂದಿನ ವೈದ್ಯವಿಜ್ಞಾನದ ದೃಷ್ಟಿಯಿಂದಲೂ ವಿಚಾರಿಸೋಣ.

೧. ಹಸಿವು ಬೇರೆ, ಚಪಲ ಬೇರೆ

ಭಗವದ್ಗೀತೆಯ ಎರಡನೆಯ ಅಧ್ಯಾಯದ ೫೯ನೆಯ ಶ್ಲೋಕದಲ್ಲಿ ಒಂದು ಸೂಕ್ಷ್ಮವಾದ ವಿಷಯವಿದೆ. ನಿರಾಹಾರನಾದವನಿಂದ ವಿಷಯಗಳು ದೂರ ಸರಿಯುತ್ತವೆ. ಆದರೆ ಅವುಗಳ ಮೇಲಣ 'ರಸ', ಅಂದರೆ ಆಸಕ್ತಿ, ಸರಿಯುವುದಿಲ್ಲ. ಅದು ಪರತತ್ತ್ವದ ದರ್ಶನದಿಂದಲೇ ನಿವೃತ್ತಿಯಾಗತಕ್ಕದ್ದು. ಭಾಗವತದ ಏಕಾದಶಸ್ಕಂಧದ ಎಂಟನೆಯ ಅಧ್ಯಾಯದಲ್ಲಿ ಅವಧೂತನು ಗಾಳಕ್ಕೆ ಸಿಕ್ಕಿದ ಮೀನನ್ನು ಗುರುವೆಂದು ಎಣಿಸಿ ಇನ್ನೂ ಮುಂದೆ ಹೋಗುತ್ತಾನೆ. ಉಪವಾಸದಿಂದ ಉಳಿದ ಇಂದ್ರಿಯಗಳು ಬೇಗ ವಶವಾದರೂ ನಾಲಗೆ ಮಾತ್ರ ವಶವಾಗದೆ, ಅನ್ನ ತಪ್ಪಿದಷ್ಟೂ ಅದರ ಬಯಕೆ ಬೆಳೆಯುತ್ತದೆ ಎಂಬುದು ಅಲ್ಲಿಯ ತಾತ್ಪರ್ಯ.

ಇದು ಕೇವಲ ವೈರಾಗ್ಯಬೋಧೆಯಲ್ಲ, ದೇಹಧರ್ಮದ ನಿಜಸ್ಥಿತಿಯೂ ಹೌದು. ೧೯೪೪-೪೫ರಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ ೩೬ ಮಂದಿ ಆರೋಗ್ಯವಂತ ಸ್ವಯಂಸೇವಕರ ಮೇಲೆ ಒಂದು ಪ್ರಯೋಗ ನಡೆಸಿದರು. ೨೪ ವಾರಗಳ ಕಾಲ ಅವರಿಗೆ ಅರೆಹೊಟ್ಟೆಯ ಊಟವನ್ನು ಮಾತ್ರ ಕೊಡಲಾಯಿತು. ಅವರ ತೂಕ ಇಳಿಯಿತು. ಆದರೆ ಮನಸ್ಸು ಹಗಲಿರುಳೂ ಊಟದ ಸುತ್ತಲೇ ಸುತ್ತತೊಡಗಿತು. ಹಿಂದೆ ಅಡಿಗೆಯ ಗೊಡವೆಗೇ ಹೋಗದಿದ್ದವರು ಪಾಕಪುಸ್ತಕಗಳನ್ನು ಸಂಗ್ರಹಿಸಿ ಓದತೊಡಗಿದರು. ಕಟ್ಟುನಿಟ್ಟಾಗಿ ಹೊಟ್ಟೆ ಕಟ್ಟಿದಷ್ಟೂ ಚಪಲ ಬಲಿಯುತ್ತದೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕಿಲ್ಲ.

ಆದುದರಿಂದ ಪಥ್ಯವನ್ನು ಪ್ರಾರಂಭಿಸುವವರು ಮೊದಲು ವಿವೇಚಿಸಬೇಕಾದುದು ಇದು: ಈಗ ಕಾಡುತ್ತಿರುವುದು ಹಸಿವೋ, ಚಪಲವೋ? ಹಸಿವು ಮೆಲ್ಲಮೆಲ್ಲನೆ ಏರುತ್ತದೆ. ಮಜ್ಜಿಗೆಯನ್ನ ಕೊಟ್ಟರೂ ಒಪ್ಪುತ್ತದೆ. ಚಪಲ ಥಟ್ಟನೆ ಏಳುತ್ತದೆ. ಇಂಥದೇ ಬೇಕೆಂದು ಹಟ ಹಿಡಿಯುತ್ತದೆ. ಹೊಟ್ಟೆ ತುಂಬಿದ ಮೇಲೂ ಬರುತ್ತದೆ. ಹಸಿವಿಗೆ ಅನ್ನ ಕೊಡಬೇಕು. ಚಪಲಕ್ಕೆ ಕಾಲಾವಕಾಶ ಕೊಡಬೇಕು. ಎರಡಕ್ಕೂ ಒಂದೇ ಔಷಧವೆಂದು ತಿಳಿದಲ್ಲಿ ಪಥ್ಯ ಕೆಡುತ್ತದೆ.

೨. ಹಸಿವಿಗೆ ಉಪಾಯ

ಗೀತೆಯ ಆರನೆಯ ಅಧ್ಯಾಯವು ಅತಿಯಾಗಿ ತಿನ್ನುವವನಿಗೆ ಯೋಗವಿಲ್ಲವೆಂದು ಹೇಳಿದಂತೆಯೇ ಏನನ್ನೂ ತಿನ್ನದವನಿಗೂ ಇಲ್ಲವೆಂದು ಹೇಳಿ, ಯುಕ್ತವಾದ ಆಹಾರವನ್ನು ವಿಧಿಸುತ್ತದೆ. ವಾಗ್ಭಟನ ಅಷ್ಟಾಂಗಹೃದಯವು ಅದರ ಅಳತೆಯನ್ನೂ ಕೊಡುತ್ತದೆ: ಹೊಟ್ಟೆಯ ಎರಡು ಭಾಗ ಅನ್ನಕ್ಕೆ, ಒಂದು ಭಾಗ ದ್ರವಕ್ಕೆ, ಉಳಿದ ಒಂದು ಭಾಗ ವಾಯುಸಂಚಾರಕ್ಕೆ. ಪಥ್ಯವೆಂದರೆ ಹೊಟ್ಟೆಯನ್ನು ಬರಿದಾಗಿ ಇಡುವುದಲ್ಲ, ಎಲೆಯ ಮೇಲಿನ ಪದಾರ್ಥಗಳ ಪ್ರಮಾಣವನ್ನು ಬದಲಿಸುವುದು. ಅನ್ನವನ್ನು ಕಡಿಮೆ ಮಾಡಿದವರು ಆ ಜಾಗದಲ್ಲಿ ಪಲ್ಯ, ಹೆಸರುಬೇಳೆಯ ಕೋಸಂಬರಿ, ಗಟ್ಟಿಯಾದ ತೊವ್ವೆ, ಮೊಸರು ಇವುಗಳನ್ನು ಹೆಚ್ಚಿಸಬೇಕು. ಬೇಳೆ ಮೊಸರುಗಳ ಪ್ರೋಟೀನೂ ಕಾಯಿಪಲ್ಯಗಳ ನಾರೂ ಹೊಟ್ಟೆಯಲ್ಲಿ ಹೆಚ್ಚು ಹೊತ್ತು ನಿಲ್ಲುತ್ತವೆ. ಕೋಸಂಬರಿ ಪಲ್ಯಗಳನ್ನು ಮೊದಲು ಉಂಡು, ಅನ್ನವನ್ನು ಆಮೇಲೆ ಬಡಿಸಿಕೊಳ್ಳುವುದು ಒಳ್ಳೆಯದು. ತೃಪ್ತಿಯ ಸೂಚನೆ ತಲೆಗೆ ಮುಟ್ಟಲು ಸುಮಾರು ಹದಿನೈದು ಇಪ್ಪತ್ತು ನಿಮಿಷ ಬೇಕು. ಐದು ನಿಮಿಷದಲ್ಲಿ ಊಟ ಮುಗಿಸುವವರಿಗೆ ಅದು ತಡವಾಗಿ ತಿಳಿಯುತ್ತದೆ.

ನಗರವಾಸಿಗಳ ಪಥ್ಯ ಮುರಿಯುವುದು ಹೆಚ್ಚಾಗಿ ಸಂಜೆಯ ಹೊತ್ತು. ಹನ್ನೆರಡೂವರೆಗೆ ಡಬ್ಬಿಯ ಊಟ. ಕಛೇರಿ ಬಿಟ್ಟು, ಲೋಕಲ್ ಗಾಡಿ ಹಿಡಿದು, ಮನೆ ಸೇರಿ ಉಣ್ಣುವಾಗ ರಾತ್ರಿ ಒಂಬತ್ತು. ನಡುವಿನ ಎಂಟು ಗಂಟೆಗಳಲ್ಲಿ ಹಸಿವು ನಿಜವಾದದ್ದೇ. ಅದನ್ನು ಸಹಿಸಿಕೊಂಡು ಹೊರಟವರನ್ನು ಮುಂಬಯಿಯಲ್ಲಿ ವಡಾಪಾವ್, ಚೆನ್ನೈಯಲ್ಲಿ ಬಜ್ಜಿ, ದೆಹಲಿಯಲ್ಲಿ ಸಮೋಸ ದಾರಿಯಲ್ಲೇ ತಡೆಯುತ್ತವೆ. ಐದು ಗಂಟೆಗೆ ಒಂದು ಹಿಡಿ ಹುರಿಗಡಲೆ ಅಥವಾ ಬೇಯಿಸಿದ ಕಡಲೆಯ ಉಸಲಿ, ಒಂದು ಲೋಟ ಮಜ್ಜಿಗೆ ತೆಗೆದುಕೊಂಡವರಿಗೆ ಆ ಅಂಗಡಿಗಳನ್ನು ದಾಟುವುದು ಕಷ್ಟವಾಗದು.

ಹಸಿವಿಗೂ ಒಂದು ವೇಳಾಪಟ್ಟಿ ಇದೆ. ೧೯೯೯ರಲ್ಲಿ ಜಪಾನಿನ ಕೊಜಿಮಾ ಮತ್ತು ಕಂಗಾವ ಎಂಬ ವಿಜ್ಞಾನಿಗಳು ಜಠರದಿಂದ ಹೊರಡುವ ಗ್ರೆಲಿನ್ ಎಂಬ ಹಾರ್ಮೋನನ್ನು ಕಂಡುಹಿಡಿದರು. ರೂಢಿಯ ಊಟದ ವೇಳೆಗೆ ಅದು ಏರುತ್ತದೆ, ಆ ವೇಳೆ ಕಳೆದರೆ ಉಣ್ಣದಿದ್ದರೂ ಇಳಿಯುತ್ತದೆ. ಏಕಾದಶಿಯ ದಿನ ಮಧ್ಯಾಹ್ನ ಕಾಡಿದ ಹಸಿವು ಮೂರು ಗಂಟೆಯ ಹೊತ್ತಿಗೆ ತಾನಾಗಿ ತಗ್ಗುವುದು ಉಪವಾಸ ಮಾಡಿದವರಿಗೆಲ್ಲ ತಿಳಿದದ್ದೇ. ಬೆಳಗಿನ ಹತ್ತೂವರೆಯ ಬಿಸ್ಕತ್ತಿನಂತಹ ಅಭ್ಯಾಸದ ಹಸಿವನ್ನು ಹೀಗೆ ಕೆಲವು ದಿನ ದಾಟಿಸಿದರೆ ಆ ವೇಳೆಯೇ ಮರೆತುಹೋಗುತ್ತದೆ. ನಿದ್ರೆ ಕೆಟ್ಟಲ್ಲಿ ಮಾತ್ರ ಈ ಲೆಕ್ಕ ತಪ್ಪುತ್ತದೆ. ರೈಲ್ವೆಯಲ್ಲಿ ರಾತ್ರಿಪಾಳಿಯ ಸಿಬ್ಬಂದಿ ಮರುದಿನವೆಲ್ಲ ಸಿಹಿ ಚಹಾ ಹುಡುಕುತ್ತಿದ್ದುದನ್ನು ನಾವು ವರ್ಷಗಟ್ಟಲೆ ಕಂಡಿದ್ದೇವೆ. ನಿದ್ರೆಗೆಟ್ಟವನಿಗೆ ಹಸಿವು ಹೆಚ್ಚುವುದು ಪ್ರಯೋಗಗಳಿಂದಲೂ ಸಿದ್ಧವಾಗಿದೆ.

೩. ಚಪಲಕ್ಕೆ ಉಪಾಯ: ಚಾತುರ್ಮಾಸ್ಯದ ಕ್ರಮ

ಆರಂಭದ ಪ್ರಶ್ನೆಗೆ ಉತ್ತರ ಇಲ್ಲಿದೆ. ಏಕಾದಶಿಗೆ ದ್ವಾದಶಿಯ ಪಾರಣೆ ಎಂಬ ಕೊನೆಯಿದೆ. ತಿಂಗಳುಗಟ್ಟಲೆ ನಡೆಯಬೇಕಾದ ಪಥ್ಯಕ್ಕೆ ಅಂತಹ ಕೊನೆಯಿಲ್ಲ. ಅದಕ್ಕೆ ಏಕಾದಶಿಯ ಮಾದರಿ ಸಲ್ಲದು. ಚಾತುರ್ಮಾಸ್ಯದ ಮಾದರಿ ಸಲ್ಲುತ್ತದೆ.

ಶಾಕ, ದಧಿ, ಕ್ಷೀರ, ದ್ವಿದಳ ಎಂಬ ನಾಲ್ಕು ವ್ರತಗಳಲ್ಲಿ ನಾಲ್ಕನ್ನೂ ಒಟ್ಟಿಗೆ ಬಿಡುವುದಿಲ್ಲ, ತಿಂಗಳಿಗೊಂದನ್ನು ಬಿಡುತ್ತೇವೆ. ಮೊಸರು ಬಿಟ್ಟ ತಿಂಗಳು ಹಾಲಿರುತ್ತದೆ, ಹಾಲು ಬಿಟ್ಟ ತಿಂಗಳು ಮೊಸರಿರುತ್ತದೆ. ಬಿಡುವುದು ಯಾವುದೆಂದು ಮೊದಲೇ ಸಂಕಲ್ಪವಾಗಿರುವುದರಿಂದ ಊಟಕ್ಕೆ ಕೂತಾಗ ಚರ್ಚೆಯಿಲ್ಲ. ಮುಖ್ಯವಾಗಿ, ವ್ರತ ಇಡೀ ಮನೆಯದು, ಅಡಿಗೆಮನೆಯೇ ಬದಲಾಗುತ್ತದೆ. ಕಣ್ಣಿಗೆ ಬೀಳದ ವಸ್ತುವಿನ ಚಪಲ ಅರ್ಧ ಕಡಿಮೆ.

ಪಥ್ಯವನ್ನೂ ಹೀಗೆಯೇ ನಡೆಸಬಹುದು. ಮೊದಲ ತಿಂಗಳು ಕಾಫಿಯ ಸಕ್ಕರೆ. ದಿನಕ್ಕೆ ನಾಲ್ಕು ಲೋಟ ಕಾಫಿ, ಲೋಟಕ್ಕೆ ಎರಡು ಚಮಚ ಎಂದರೆ ಸುಮಾರು ೪೦ ಗ್ರಾಂ ಸಕ್ಕರೆ. ವಿಶ್ವ ಆರೋಗ್ಯ ಸಂಸ್ಥೆ ೨೦೧೫ರಲ್ಲಿ ಉತ್ತಮವೆಂದು ಸೂಚಿಸಿದ ಮಿತಿ ಸುಮಾರು ೨೫ ಗ್ರಾಂ. ವಾರಕ್ಕೆ ಅರ್ಧ ಚಮಚದಂತೆ ಇಳಿಸಿದರೆ ನಾಲಗೆ ತಿಂಗಳೊಳಗೆ ಹೊಂದಿಕೊಳ್ಳುತ್ತದೆ. ಎರಡನೆಯ ತಿಂಗಳು ಕರಿದ ತಿಂಡಿ. ಮೂರನೆಯ ತಿಂಗಳು ರಾತ್ರಿಯ ಅನ್ನ. ತೂಕ ವಾರಕ್ಕೆ ಅರ್ಧ ಕಿಲೋ ಇಳಿದರೂ ಸಾಕು. ಅಷ್ಟರ ಮೇಲೂ ಚಪಲ ಎದ್ದರೆ ಇಪ್ಪತ್ತು ನಿಮಿಷ ಮುಂದೂಡಿ ಒಂದು ಸುತ್ತು ನಡೆದು ಬರಬೇಕು, ಅಥವಾ ಸ್ತೋತ್ರಪಾರಾಯಣಕ್ಕೆ ಕೂರಬೇಕು; ಬಹುಮಟ್ಟಿಗೆ ಅಷ್ಟರಲ್ಲಿ ಅದು ಅಡಗುತ್ತದೆ.

ಎರಡು ಸಂಗತಿಗಳನ್ನು ಇಲ್ಲಿ ಹೇಳಬೇಕು. ಫಲಾಹಾರವೆಂದು ತಿನ್ನುವ ಸಾಬೂದಾಣಿ ಬಹುಪಾಲು ಬರಿಯ ಪಿಷ್ಟ. ಸಕ್ಕರೆ ಕಾಯಿಲೆಯವರಿಗೆ ಅದು ಪಥ್ಯವಲ್ಲ. ಎರಡನೆಯದು, ಪ್ರಸಾದ. ಹಯಗ್ರೀವದ ಒಂದು ತುತ್ತು ಸ್ವೀಕರಿಸಿದರೆ ಪ್ರಸಾದ ಸಂದಂತೆಯೇ. ಎರಡನೆಯ ಬಾರಿ ಬಡಿಸಲು ಬಂದವರು ಬೇಡವೆಂದವರನ್ನು ಒತ್ತಾಯಿಸದಿರುವುದೂ ಅತಿಥಿಸತ್ಕಾರವೇ.

೪. ಒಂದು ಎಚ್ಚರಿಕೆ

ಇನ್ಸುಲಿನ್ ತೆಗೆದುಕೊಳ್ಳುವವರು ಮತ್ತು ಗ್ಲಿಮೆಪಿರೈಡ್, ಗ್ಲಿಕ್ಲಜೈಡ್ ಮೊದಲಾದ ಮಾತ್ರೆ ನುಂಗುವವರು ವೈದ್ಯರಿಗೆ ತಿಳಿಸದೆ ಊಟ ಇಳಿಸಬಾರದು, ಉಪವಾಸವನ್ನೂ ಮಾಡಬಾರದು. ಔಷಧದ ಪ್ರಮಾಣ ಬದಲಾಗಬೇಕಾದೀತು. ಬೆವರು, ಕೈನಡುಕ, ಎದೆಬಡಿತ, ಮಾತಿನ ತಡವರಿಕೆ ಕಂಡಲ್ಲಿ ಅದು ಸಹಿಸಬೇಕಾದ ಹಸಿವಲ್ಲ, ಚಪಲವಂತೂ ಅಲ್ಲ. ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ, ೭೦ಕ್ಕಿಂತ ಕೆಳಗೆ, ಇಳಿದಿರಬಹುದು. ಎಚ್ಚರವಿದ್ದು ನುಂಗಬಲ್ಲವರಿಗೆ ತಕ್ಷಣ ಮೂರು ಚಮಚ ಸಕ್ಕರೆ ಅಥವಾ ಗ್ಲೂಕೋಸನ್ನು ನೀರಿನಲ್ಲಿ ಕದಡಿ ಕೊಡಬೇಕು. ಹದಿನೈದು ನಿಮಿಷದಲ್ಲಿ ಸರಿಹೋಗದಿದ್ದರೆ ಮತ್ತೊಮ್ಮೆ ಕೊಡಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಕೂಡಲೇ ಆಸ್ಪತ್ರೆಗೆ ಸಾಗಿಸಬೇಕು. ಏಕಾದಶಿಯಾದರೂ ಇದರಲ್ಲಿ ಸಂಕೋಚ ಕೂಡದು. ವೃದ್ಧರಿಗೂ ರೋಗಿಗಳಿಗೂ ಶಾಸ್ತ್ರವೇ ವಿನಾಯಿತಿ ಕೊಟ್ಟಿದೆ. ಮನೆಯವರೆಲ್ಲರೂ ಈ ಲಕ್ಷಣಗಳನ್ನು ತಿಳಿದಿರತಕ್ಕದ್ದು.

ಧರ್ಮಸಾಧನೆಗೆ ಶರೀರವೇ ಮೊದಲ ಉಪಕರಣ. ಅದನ್ನು ದಂಡಿಸುವುದಕ್ಕಲ್ಲ, ಬಹುಕಾಲ ಕೆಲಸಕ್ಕೆ ಬರುವಂತೆ ಇರಿಸಿಕೊಳ್ಳುವುದಕ್ಕೆ ಪಥ್ಯ. ಹಸಿವನ್ನು ಗೌರವಿಸಿ, ಚಪಲವನ್ನು ಕಾಯಿಸಿ, ತಿಂಗಳಿಗೊಂದನ್ನು ಬಿಡುತ್ತ ಹೋದಲ್ಲಿ ಮೊದಲ ದಿನಗಳ ಕಷ್ಟ ಮುಂದಿನ ದಿನಗಳಿಗೆ ಅಭ್ಯಾಸವಾಗುತ್ತದೆ.

॥ ಶ್ರೀಕೃಷ್ಣಾರ್ಪಣಮಸ್ತು ॥